ಬಿನ್ನವತ್ತಳೆ

ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ
ಹಂಪನಕಟ್ಟೆಯಲ್ಲಿ, ಝೆರಾಕ್ಸ್ ಅಂಗಡಿಯ ತಲೆಯ ಮೇಲೆ ಕೂತು,
ಹದಿನೆಂಟಕ್ಕೆ ಹನ್ನೆರಡರ ಚೌಕಟ್ಟಿಗೆ ಅಳತೆ ಮಾಡಿದ ಹೊಗಳಿಕೆ:
ಹೆಡ್‌ಮಾಸ್ತರಿಗೆ, ಹಲ್ಲಿನ ಡಾಕ್ಟರಿಗೆ,
ಒಮ್ಮೆ ಕಂಬಳದ ಒಂದು ಕೋಣಕ್ಕೆ.
‘ಧೀಮಂತ’ ಒಂದು ಸಲ, ‘ಅಪ್ರತಿಮ’ ಎರಡು ಸಲ,
ಸುತ್ತ ಚಿನ್ನದ ಬಣ್ಣದ ಬಳ್ಳಿ.

ಈ ಸಲ ಇಂಜಿನಿಯರ್. ಜಲಜಾಕ್ಷಿ ಪುತ್ರನ್, ಬೆಂಗ್ರೆ.
ಅಂತರರಾಷ್ಟ್ರೀಯ ದೂರಸಂಪರ್ಕದಲ್ಲಿ ಸಾಧನೆ, ಪರದೇಶದ ಪದಕ.
ಎಂತದಕ್ಕೆ ಪದಕ ಎಂದು ಸಮಿತಿಗೂ ಗೊತ್ತಿಲ್ಲ.
“ನೀವೇ ಹೋಗಿ ಕೇಳಿ, ಸ್ವಲ್ಪ ಭಾರವಾಗಿ ಬರೆಯಿರಿ” ಅಂದರು ಕಾರ್ಯದರ್ಶಿ.

ಫೆರಿ ದಾಟಿ ಹೋದೆ. ಜಗಲಿಯಲ್ಲಿ ಕೂತು ಓದಿದೆ:
“ತಂದೆ ಬಲೆ ನೇಯ್ದಂತೆ ಮಗಳು ಜಗದಗಲ ದನಿಯ ಬಲೆ ನೇಯ್ದು...”
“ಅದನ್ನು ಹೊಡೆದು ಹಾಕಿ” ಅಂದರು.
“ಬಲೆಗೆ ತೂತು ಬೇಕು ಮಾರಾಯ್ರೆ.
ನಮ್ಮಲ್ಲಿ ತೂತು ಅಂದರೆ ದೂರು.”
ಹೊಡೆದೆ.
“ಧೀಮಂತ?”
“ಬೇಡ.”
“ಹಾಗಾದರೆ ನೀವು ಮಾಡಿದ್ದೆಂತ?”

“ಮರುದನಿ ತೆಗೆದೆ.”

ಚಾ ಆರುವಷ್ಟು ಹೊತ್ತು ವಿವರಿಸಿದರು.
ಎರಡು ತಂತಿ ನಾಲ್ಕಾಗುವಲ್ಲಿ ದನಿ ಚೂರು ಸೋರುತ್ತದೆ,
ಉಪಗ್ರಹದವರೆಗೆ ಹತ್ತಿ ಇಳಿದು
ಅರ್ಧ ಸೆಕೆಂಡು ಬಿಟ್ಟು ಆಡಿದವರ ಕಿವಿಗೇ ವಾಪಸು.
ಅದರದೇ ತದ್ರೂಪವನ್ನು ಲೆಕ್ಕದಲ್ಲಿ ಹುಟ್ಟಿಸಿ
ಅದರಿಂದ ಅದನ್ನು ಕಳೆಯುವುದು.
ಉಳಿದದ್ದು ಆಚೆಯವರ ಮಾತು.
“ಅಷ್ಟೇ. ಹನ್ನೊಂದು ಜನ ಮಾಡಿದ್ದು. ಹೆಸರು ಬರೆದುಕೊಳ್ಳಿ,
ಒಸಾಕಾದ ತನಾಬೆಯಿಂದ ಸುರು ಮಾಡಿ.
ತಪ್ಪು ಮೊದಲು ಹಿಡಿದವನು ಅವನು.”

ನಾನು ಬರೆದುಕೊಳ್ಳಲಿಲ್ಲ.
ಪೆನ್ನು ಕುದ್ರೋಳಿಗೆ ಹೋಗಿತ್ತು,
ಹಸನಬ್ಬರ ಮನೆಯ ಕಪ್ಪು ಫೋನಿನ ಹತ್ತಿರ.

ಜುಮ್ಮಾ ಮುಗಿದ ಮೇಲೆ ದಮ್ಮಾಮಿನಿಂದ ಬಾಪ.
ಉಮ್ಮ ಒದ್ದೆ ಕೈಯಲ್ಲೇ ಓಡುತ್ತಿದ್ದಳು.
“ಸೌಖ್ಯವಾ” ಎಂದು ಕೂಗಿದರೆ ಮೊದಲು ಬರುತ್ತಿದ್ದದ್ದು
ಅವಳದೇ “ಸೌಖ್ಯವಾ”.
ಅದಕ್ಕೇ ಅವಳು “ಹೂಂ, ಸೌಖ್ಯ” ಅನ್ನುವಳು.
ಹಾಗೆ ಏಳು ವರ್ಷ
ತನ್ನ ಜೊತೆ ತಾನೇ ಕಷ್ಟಸುಖ ಮಾತಾಡಿದಳು ನನ್ನ ಉಮ್ಮ,
ನಿಮಿಷಕ್ಕೆ ಇಷ್ಟು ರಿಯಾಲಿನಂತೆ, ಬಾಪನ ಖರ್ಚಿನಲ್ಲಿ.

ಆಮೇಲೆ ಒಂದು ಶುಕ್ರವಾರ ಲೈನು ತಿಳಿಯಾಯಿತು,
ಯಾರೋ ಕೊಡದಿಂದ ಪಾಚಿ ಸರಿಸಿದ ಹಾಗೆ.
ಉಮ್ಮ ರಿಸೀವರನ್ನು ಕಿವಿಯಿಂದ ತೆಗೆದು ನೋಡಿದಳು,
ಮತ್ತೆ ಇಟ್ಟಳು.
ಆಚೆ ಬಾಪ “ಎಲ್ಲ ಸೌಖ್ಯ” ಅಂದರು.
ಆ ಎರಡು ಪದದ ನಡುವೆ
ಅವಳಿಗೆ ಕೆಮ್ಮು ಕೇಳಿತು.

ಮೂರು ತಿಂಗಳಲ್ಲಿ ಹಟ ಹಿಡಿದು ಕರೆಸಿಕೊಂಡಳು.
ಬದುಕಿದರು ಬಾಪ, ಇನ್ನೂ ಹತ್ತೊಂಬತ್ತು ವರ್ಷ,
ಬಂದರಿನ ಅಂಗಡಿಯಲ್ಲಿ ಒಣಮೆಣಸಿನ ಲೆಕ್ಕ ಬರೆಯುತ್ತ.

ಇಷ್ಟನ್ನೂ ಹೇಳಿದೆ.
ಜಲಜಾಕ್ಷಿಯವರು ಲೋಟದ ತಳ ನೋಡುತ್ತ
“ಯಾವ ವರ್ಷ?” ಅಂದರು.
ಹೇಳಿದೆ.
“ಆ ರೂಟು ನಮ್ಮದಲ್ಲ. ಬೇರೆ ಯಾರೋ ಮಾಡಿರಬೇಕು.
ಅವರ ಹೆಸರು ನನಗೆ ಗೊತ್ತಿಲ್ಲ.”

ಆಗ ಹನ್ನೊಂದು ಹೆಸರನ್ನೂ ಮತ್ತೆ ಕೇಳಿ,
ಒಂದಕ್ಷರ ಬಿಡದೆ ಬರೆದುಕೊಂಡೆ.

ಪುರಭವನ, ಶನಿವಾರ ಸಂಜೆ. ಶಾಲು,
ಸೇಬು ದಾಳಿಂಬೆಗಳ ಬುಟ್ಟಿ, ನಡುವೆ ಕಿರೀಟದ ಅನಾನಸು.
ನನ್ನ ಪತ್ರ ಓದಲು ಸುರು ಮಾಡಿದರು.
ಗೋಡೆಗಳು ಒಂದೊಂದು ಪದವನ್ನೂ ಎರಡೆರಡು ಸಲ ಹೇಳಿದವು,
ಏನೂ ಕೇಳಲಿಲ್ಲ.
ಮೈಕಿನ ಹುಡುಗ ಗುಂಡಿ ತಿರುಗಿಸಿ ತಿರುಗಿಸಿ ಬೆವರಿದ.
ಶಾಲು ಹೊದ್ದೇ ಇಳಿದು ಬಂದರು ಆಕೆ,
ಎಡಗಡೆಯ ಸ್ಪೀಕರನ್ನು ಗೋಡೆಯಿಂದ ಒಂದು ಮೊಳ ತಿರುಗಿಸಿ
ವಾಪಸು ಹೋಗಿ ಕೂತರು.

ಅಷ್ಟರಲ್ಲಿ ಧೀಮಂತನಲ್ಲದ ನನ್ನ ಪತ್ರ ಮುಗಿಯುತ್ತ ಬಂದಿತ್ತು.
ಬಳ್ಳಿಯನ್ನು ಅಳಿಸಿ ಮಾಡಿದ ಜಾಗದಲ್ಲಿ
ಹನ್ನೊಂದು ಹೆಸರು,
ಕೆಳಗೆ ನಾನು ಬಿಟ್ಟ ಒಂದು ಖಾಲಿ ಗೆರೆ.
ಓದುತ್ತಿದ್ದವರು ಅಲ್ಲಿ ತಡವರಿಸಿ ನಿಂತರು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದ್ದು
ಇಡೀ ಪುರಭವನಕ್ಕೆ ಕೇಳಿತು.