ಶಿಡ್ಲಘಟ್ಟ ರೂಟು

ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ
ಹಂಪ್ಸು ಒಟ್ಟು ಮೂವತ್ತೊಂದು.
ಇಲಾಖೆಯವರ ಹತ್ತಿರ ಲೆಕ್ಕ ಇದೆಯೋ ಇಲ್ಲವೋ,
ನನ್ನ ಹತ್ತಿರ ಇದೆ,
ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೆ.

ಸ್ಕೂಲಿನ ಮುಂದಿನವು ಮೆತ್ತಗೆ.
ಗೂಡಿನ ಮಾರ್ಕೆಟ್ಟಿನ ಹತ್ತಿರದ್ದು ಮಾತ್ರ
ರಾತ್ರೋರಾತ್ರಿ ಜನರೇ ಕಲ್ಲುಮಣ್ಣು ಸುರಿದು ಮಾಡಿಕೊಂಡದ್ದು;
ಅದು ಬರುವ ಮುಂಚೆಯೇ ಹಲ್ಲು ಕಚ್ಚಿ
ಮೇಲಿನ ಕಂಬಿ ಹಿಡಿದು
'ಯಾರ್ರೀ ಟಿಕೆಟ್' ಅನ್ನುವುದನ್ನು
ಅರ್ಧಕ್ಕೇ ನುಂಗುತ್ತೇನೆ.

ಗರ್ಭಕೋಶ ತೆಗೆಸಿ ಎರಡು ವರ್ಷ, ಮೇಲೆ ಎರಡು ತಿಂಗಳು.
ಗಡ್ಡೆ ಇತ್ತು, ತೆಗೆದರು. ರಕ್ತ ನಿಂತಿತು.
ರಜೆ ಮುಗಿಯಿತು; ಮತ್ತೆ ಚೀಲ, ಮೆಷಿನ್ನು, ಸೀಟಿ.
ಒಂದು ವರ್ಷ ಚೆನ್ನಾಗಿಯೇ ಇದ್ದೆ.
ಒಂದು ಮಧ್ಯಾಹ್ನ ಡಿಪೋದಲ್ಲಿ
ಊಟದ ಡಬ್ಬಿ ತೆಗೆಯಲು ಬಗ್ಗಿದೆ,
ಬಂತು.
ಅವತ್ತಿನಿಂದ ಬರುತ್ತದೆ, ಹೋಗುತ್ತದೆ,
ಬೋರ್ಡಿಲ್ಲದ ಬಸ್ಸಿನ ಹಾಗೆ.

'ಇಲ್ಲದ್ದು ಹೆಂಗೆ ನೋಯ್ತದೆ?' ಅಂದರು ಇವರು.
ಕೊಂಕಿಗೆ ಅಂದದ್ದಲ್ಲ, ನಿಜಕ್ಕೂ ತಿಳಿಯದೆ ಕೇಳಿದ್ದು.
ನನಗೂ ತಿಳಿಯದು.
ಬಾಡಿಗೆಯವರನ್ನು ಖಾಲಿ ಮಾಡಿಸಿದ ಮೇಲೂ
ಒಳಗಿನಿಂದ ಗೋಡೆ ಬಡಿಯುತ್ತಿರುವವರು ಯಾರು?
ಈಗ ರಾತ್ರಿ ಮಂಚದ ಆ ಅಂಚಿಗೆ ಅವರು,
ಈ ಅಂಚಿಗೆ ನಾನು,
ಮಧ್ಯೆ ಬಿಸಿನೀರಿನ ಚೀಲ,
ಮಗು ಮಲಗಿದ ಹಾಗೆ.

ನಮ್ಮಮ್ಮ ಇದನ್ನು ನೊಪ್ಪಿ ಅನ್ನುತ್ತಾಳೆ, ಮನೆಯಲ್ಲಿ ತೆಲುಗು.
ಬಸ್ಸು ಹತ್ತಿದರೆ ನೋವು.
ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇದಕ್ಕೆ ಹೆಸರೇ ಇಲ್ಲ:
ಎರಡು ಹಾಳೆ, ಕೊನೆಗೆ ನಾರ್ಮಲ್.
ಡಾಕ್ಟರಮ್ಮ ಒಳ್ಳೆಯವರು. ಕರುಳು ಅಂಟಿಕೊಂಡಿರಬಹುದು ಅಂದರು,
ನರ ಇರಬಹುದು ಅಂದರು,
ಇರಬಹುದು ಅನ್ನುವ ಒಂದು ಮಾತ್ರೆ ಬರೆದರು,
ರಾತ್ರಿ, ಊಟದ ಮೇಲೆ.

ಡ್ರೈವರ್ ಬ್ಯಾಟರಾಯಪ್ಪ ಏನೂ ಕೇಳಿದವರಲ್ಲ.
ಆದರೆ ಸಂಕ್ರಾಂತಿ ಕಳೆದ ಮೇಲೆ ಯಾವತ್ತೋ
ಹಂಪ್ಸು ಕಂಡರೆ ಗೇರು ಇಳಿಸಿ
ತುಂಬಿದ ಕೊಡ ಹೊತ್ತವರ ಹಾಗೆ
ಬಸ್ಸು ದಾಟಿಸತೊಡಗಿದರು.
'ಏನಣ್ಣ, ಎತ್ತಿನಗಾಡಿನಾ?' ಕಾಲೇಜು ಹುಡುಗರು ಹಿಂದಿನಿಂದ.
'ಕಮಾನು ಪಟ್ಟಿ ಮುರಿದದೆ ಕಣ್ರಪ್ಪಾ.'
ಮೂರು ತಿಂಗಳಿಂದ ಮುರಿದೇ ಇದೆ.
ಕನ್ನಡಿಯಲ್ಲಿ ಅವರು ನನ್ನ ಕಡೆ ನೋಡುವುದಿಲ್ಲ.

ನಿನ್ನೆ ವಾಪಸು ಟ್ರಿಪ್ಪು. ಜಿಲ್ಲಾಸ್ಪತ್ರೆ ಹತ್ತಿರ
ಒಬ್ಬಳು ಹತ್ತಿದಳು, ಆಧಾರ್ ಕಾರ್ಡಿನಲ್ಲಿ ಶಮೀಮುನ್ನೀಸಾ.
ನೂಲು ಬಿಚ್ಚುವವಳು;
ಬೆರಳ ತುದಿಗಳು ಬಿಸಿನೀರಿಗೆ ಬೆಂದು ಬೆಳ್ಳಗೆ ಸುಕ್ಕಾಗಿದ್ದವು.
ಸ್ಕ್ಯಾನಿಂಗಿನ ದೊಡ್ಡ ಕವರನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು.
ಸೀಟು ಖಾಲಿ ಇತ್ತು, ಕೂರಲಿಲ್ಲ.
'ಕೂತ್ಕೊಳಮ್ಮಾ' ಅಂದ ಯಜಮಾನರಿಗೆ ಸುಮ್ಮನೆ ನಕ್ಕಳು.
ನಾನು ಹೇಳಲು ಹೋಗಲಿಲ್ಲ.
ಕೂತರೆ ಜಾಸ್ತಿ, ಏಳುವಾಗ ಇನ್ನೂ ಜಾಸ್ತಿ,
ಒಂದೇ ಕಾಲಿಗೆ ಭಾರ ಬಿಟ್ಟು ನಿಂತರೆ ಎಷ್ಟೋ ವಾಸಿ.
ಅವಳದು ಎಡಗಾಲು.
ನನ್ನದೂ.

ಹೆಂಗಸರಿಗೆ ದುಡ್ಡಿಲ್ಲ.
ಆದರೂ ಮೆಷಿನ್ನು ಒತ್ತಬೇಕು, ಚೀಟಿ ಹರಿದು ಕೊಡಬೇಕು:
ಎಲ್ಲಿಂದ, ಎಲ್ಲಿಗೆ, ಎಷ್ಟು ಗಂಟೆಗೆ,
ದರದ ಮುಂದೆ ಸೊನ್ನೆ.
ಚೆಕಿಂಗಿನವರು ಬಂದರೆ ಆ ಸೊನ್ನೆಯನ್ನೇ ತೋರಿಸಬೇಕು:
ಇವಳು ಈ ಬಸ್ಸಿನಲ್ಲಿ ಇದ್ದಳು,
ಇಷ್ಟು ದೂರ ಬಂದಿದ್ದಾಳೆ.
ರಿಪೋರ್ಟು ಬರೆದವರು
ಇಷ್ಟಾದರೂ ಬರೆಯಬಹುದಿತ್ತು.

ಚೀಟಿ ಕೊಡುತ್ತಾ ಕೇಳಿದೆ, 'ಎಷ್ಟು ದಿನ ಆಯ್ತು?'
ಏನು, ಎತ್ತ ಅನ್ನದೆ 'ಆರು ತಿಂಗಳು' ಅಂದಳು.
'ಮುಂದಿನ ಹಂಪ್ಸು ಜೋರದೆ, ಕಂಬಿ ಹಿಡ್ಕೊ.'
ಅವಳಾಗಲೇ ಹಿಡಿದಿದ್ದಳು.
ಬ್ಯಾಟರಾಯಪ್ಪ ಗೇರು ಇಳಿಸಿದರು.