ಇತರೆ

ಶಹಾಬಾದಿನ ಖಣಿ ಹಿಂದಿನ ಓಣಿಯಲ್ಲಿ, ಸಂಜೆ ಏಳಕ್ಕೆ,
ಅಂಗನವಾಡಿಯ ಗಿಡ್ಡ ಕುರ್ಚಿಗಳ ಮೇಲೆ
ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತಿದ್ದರು ಹಿರಿಯರು.
ಗೋಡೆಯಲ್ಲಿ ಆ ಆನೆ, ಇ ಇಲಿ.
ಕಲಬುರಗಿಯಿಂದ ಬಂದ ಸಾಹೇಬರು ಬ್ಯಾನರು ಬಿಚ್ಚಿದರು:
ನಿಮ್ಮ ಆರೋಗ್ಯ, ನಿಮ್ಮ ಅಭಿಪ್ರಾಯ.
ಒಂದು ಮೂಲೆಗೆ ಮೊಳೆ ಸಿಗಲಿಲ್ಲ.
ಅಭಿಪ್ರಾಯದ ಕಡೆ ಜೋತುಬಿದ್ದೇ ಇತ್ತು, ಕೊನೆತನಕ.

ನಾನು ಬರೆಯುವವಳು. ಫಾರ್ಮಿಗೆ ಹನ್ನೆರಡು ರೂಪಾಯಿ.
ಹದಿನೇಳು ಪ್ರಶ್ನೆ, ಚೌಕದ ಪಕ್ಕ ಚೌಕ,
ತುದಿಗೆ ‘ಇತರೆ’ ಎಂದು ಒಂದು ಗೆರೆ,
ನನ್ನ ಕಿರುಬೆರಳಿನಷ್ಟು ಉದ್ದ.

ಆರೋಗ್ಯ ಕೇಂದ್ರದ ಸೇವೆ ಹೇಗಿದೆ?
ಉತ್ತಮ, ಸಾಧಾರಣ, ತೃಪ್ತಿಕರವಲ್ಲ, ಗೊತ್ತಿಲ್ಲ.
ಖಾಜಾಬೀ ಅಂದಳು:
“ಛಲೋ ಅದರಿ. ಬಾಗಲಾ ಛಲೋ ಅದ, ಬಣ್ಣಾ ಛಲೋ ಅದ.
ನಾವು ಖಣಿಗಿ ಹೋಗೋ ಮುಂದ ತೆರದಿರಂಗಿಲ್ಲ,
ಹೊಳ್ಳಿ ಬರೋದ್ರಾಗ ಕೀಲಿ.
ಐತಾರ ಒಂದಿನಾ ನಮಗ ಸೂಟಿ, ಅದಕ್ಕೂ ಸೂಟಿ.
ನೀವು ಇವತ್ತ ಈ ಹೊತ್ತಿಗಿ ಬಂದೀರಿ, ಅದಕ್ಕ ಸಿಕ್ಕೀವಿ.”
ಯಾವ ಚೌಕ, ಎಂದೆ.
“ನೀನೇ ನೋಡ್ ಬೇಟಾ, ಇಷ್ಟೆಲ್ಲಾ ಯಾವುದರಾಗ ಹಿಡಸ್ತದ.”

ಇತರೆ.

ಝಮಲಿಬಾಯಿಯ ಸೊಸೆ ಹಡೆದದ್ದು ಟಂಟಂನಲ್ಲಿ,
ರೈಲ್ವೆ ಗೇಟು ಬಿದ್ದಿದ್ದಾಗ.
ಸಿಮೆಂಟಿನ ಗೂಡ್ಸು, ಐವತ್ತೆಂಟು ಡಬ್ಬಿ.
ಸೊಸೆಯ ಕೈ ಹಿಡಿದುಕೊಂಡು ಎಣಿಸಿದಳಂತೆ.
ಪ್ರಶ್ನೆ ಒಂಬತ್ತು:
ಆಸ್ಪತ್ರೆ ತಲುಪಲು ತಗುಲಿದ ಸಮಯ, ನಿಮಿಷಗಳಲ್ಲಿ.
“ನಿಮಿಷ ನನಗೇನ್ ಗೊತ್ತು. ಡಬ್ಬಿ ಬರಿ.”
ಬರೆದೆ. ಐವತ್ತೆಂಟು.
ಮುಂದೆ ಯಾರೋ ಅದನ್ನು ನಿಮಿಷವೆಂದೇ ಓದುತ್ತಾರೆ,
ಸರಾಸರಿಯೂ ತೆಗೆಯುತ್ತಾರೆ.

ಸಾಹೇಬರು ಕೆಟ್ಟವರಲ್ಲ.
ಎರಡು ಸಲ ಕನ್ನಡಕ ಒರೆಸಿಕೊಂಡರು.
“ಸಾವಕಾಶ ಹೇಳ್ರಿ, ಎಲ್ಲಾ ಬರಕೋತಾಳ” ಅಂದರು.
ಹಿಂದಿನಿಂದ ಯಾರೋ:
“ಹೋದ ಸಲ ಬರಕೊಂಡ ಹಾಳಿ ಎಲ್ಲಿ ಅದರಿ?”
ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು, ಆಮೇಲೆ
ನಗಬಾರದಿತ್ತೆಂದು ನೀರು ಕುಡಿದರು.

ಭೀಮಶಾ ಎದ್ದ.
ಫರ್ಸಿ ಕಲ್ಲು ಪಾಲಿಶ್ ಮಾಡಿ ಮೂವತ್ತೊಂದು ವರ್ಷ.
ಮೊದಲು ಕೆಮ್ಮಿದ.
ಕೆಮ್ಮು ಮುಗಿಯಲೆಂದು ಕಾದೆವು ನಾವು,
ಗೂಡ್ಸು ದಾಟಲೆಂದು ಕಾದ ಹಾಗೆ.
“ರೇಶನ್ನಿಗಿ ಹೆಬ್ಬಟ್ಟ ಒತ್ತು, ಪಿಂಚಣಿಗಿ ಹೆಬ್ಬಟ್ಟ ಒತ್ತು ಅಂತಾರ.
ಒತ್ತತೀನಿ. ಮಿಶಿನ್ ಅಂತದ, ನೀ ಭೀಮಶಾ ಅಲ್ಲ.
ನಾಕ ತಿಂಗಳಾತು, ನಾ ಯಾರೂ ಅಲ್ಲ.
ನನ್ನ ಗೆರಿ ಎಲ್ಲಾ ಕಲ್ಲಿಗಿ ಹೋಗ್ಯಾವ್ರಿ.
ನಿಮ್ಮ ಆಫೀಸಿನ ನೆಲಾ ನೋಡ್ರಿ, ನುಣ್ಣಗ ಅದಲಾ,
ಅಲ್ಲಿ ಅದೀನಿ.”

ಪ್ರಶ್ನೆ ಹದಿನಾಲ್ಕು:
ಸಾಮಾಜಿಕ ಭದ್ರತಾ ಯೋಜನೆಗಳ ಅರಿವಿದೆಯೇ?
ಹೌದು. ಇಲ್ಲ.
ಇತರೆಯ ಗೆರೆ ತುಂಬಿತು. ಅಂಚಿಗೆ ಹತ್ತಿದೆ,
ಅಂಚೂ ಮುಗಿದು ಹಾಳೆ ತಿರುಗಿಸಿದೆ.
‘ಇಲ್ಲಿ ಏನನ್ನೂ ಬರೆಯಬಾರದು’ ಎಂದಿತ್ತು.
ಅದರ ಕೆಳಗೇ ಬರೆದೆ.

ಕೊನೆಗೆ ಹಾಜರಿ. ನೀಲಿ ಇಂಕಿನ ಪ್ಯಾಡು.
ನಲವತ್ಮೂರು ಮಂದಿ ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು,
ಅಡುಗೆಗೆ ಹೊತ್ತಾಯಿತೆಂದು ಎದ್ದರು.
ಸಾಹೇಬರು ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದರು.
ನೀಲಿ ಕಲೆಗಳು. ಗೆರೆಯಿದ್ದವು ಎಂಟೋ ಒಂಬತ್ತೋ,
ಉಳಿದವು ಬರೇ ಗುಂಡಗೆ, ನೀರಿನ ಹನಿ ಬಿದ್ದಂತೆ.
“ಇದು ಯಾರದು?”
ಸಾಬವ್ವಂದು.
“ಇದು?”
ಅದು ಅವಳ ಮೈದುನಂದು, ಈಗ ಗಾಳಿ ಎಳೆಯೋದೂ ಕಷ್ಟ.
ನಾ ಹೇಳುತ್ತ ಹೋದೆ, ಅವರು ಒಂದೊಂದರ ಪಕ್ಕ
ತಮ್ಮದೇ ಪೆನ್ನಿನಿಂದ ಹೆಸರು ಬರೆಯುತ್ತ ಹೋದರು.

ಹತ್ತೊಂಬತ್ತನೆಯದಕ್ಕೆ ಕರೆಂಟು ಹೋಯಿತು.
ಕತ್ತಲಲ್ಲಿ ಪೆನ್ನು ಬಿದ್ದು ಉರುಳಿದ ಸದ್ದು.
ಆಮೇಲೆ ಮೊಬೈಲಿನ ಟಾರ್ಚು ಹತ್ತಿತು, ಆ ಆನೆಯ ಮೇಲೆ ಒಂದು ಸಲ ಸುಳಿದು
ಹಾಳೆಗೆ ಬಂದು ನಿಂತಿತು.
“ಹೂಂ, ಮುಂದಿಂದು ಹೇಳವ್ವ.”