ಸದ್ದಿಲ್ಲದ್ದಕ್ಕೆ ಸಾಕ್ಷಿ

ಹನ್ನೊಂದು ಸೆಕೆಂಡಿನ ವಿಡಿಯೋ. ಧ್ವನಿ ಇಲ್ಲ.
ಹಡರ್ಸ್‌ಫೀಲ್ಡಿನ ಇಳಿಜಾರು, ಮುನ್ನೂರಾ ಇಪ್ಪತ್ನಾಲ್ಕನೇ ಬಸ್ಸು,
ನಾನು ನಿಂತಿದ್ದೇನೆ:
ಎಡಗೈಯಲ್ಲಿ ಕಂಬ, ಬಲಗೈಯಲ್ಲಿ ಐದು ಕಿಲೋ ಜೋಳದ ಹಿಟ್ಟು.
ಬಿಳಿ ವ್ಯಾನೊಂದು ಅಡ್ಡ ಬರುತ್ತದೆ.
ಆಮೇಲೆ ನಾನು ಕಾಣುವುದಿಲ್ಲ,
ಹಿಟ್ಟೇ ಹಿಟ್ಟು.
ಮುಂದಿನ ಸೀಟಿನ ಮುದುಕ
ಕರಿ ಕೋಟಿನ ತುಂಬ ವಿಭೂತಿ ಬಳಿದ ಜಂಗಮನಂತೆ
ಅಲುಗದೆ ಕೂತಿದ್ದಾನೆ.
ಹಿಟ್ಟು ಇಳಿದಾಗ ನೆಲದ ಮೇಲೆ ನಾನು,
ನನ್ನ ಕೆಳಗೆ ನನ್ನ ಬಲಗೈ.

ಕಂಬ ಹಿಡಿದಿದ್ದಿರಾ? ಎಂದು ಕೇಳುತ್ತದೆ ವಿಮೆಯವರ ಪತ್ರ.
ಹಿಡಿದಿದ್ದೆ. ಕಂಬ ನನ್ನನ್ನು ಹಿಡಿಯಲಿಲ್ಲ.

ವಕೀಲೆ ಶಾಹಿದಾ ಮಿರ್ಜಾ, ಇಪ್ಪತ್ತಾರು ಇದ್ದೀತು,
ಗೆದ್ದರೆ ಕಾಲು ಪಾಲು, ಸೋತರೆ ಏನೂ ಬೇಡ ಎಂದಳು.
ನಮ್ಮ ಕಡೆ ಪಾಲಿಗೆ ಹೊಲ ಮಾಡಿದ ಹಾಗೆ; ಅರ್ಥವಾಯಿತು.
ನೋವು ಹತ್ತಕ್ಕೆ ಎಷ್ಟು?
ಮುಂಜಾನೆ ಏಳು. ಫ್ರಿಜ್ಜಿನ ಬಾಗಿಲು ಎಳೆಯುವಾಗ ಒಂಬತ್ತು.
ಈಗ ನಾಲ್ಕು. ಯಾರಾದರೂ ಕೇಳಿದರೆ ಕಡಿಮೆಯಾಗುತ್ತದೆ.
ಕೊನೆಯದನ್ನು ಅವಳು ಬರೆದುಕೊಳ್ಳಲಿಲ್ಲ.

ಕಳೆದುಕೊಂಡದ್ದು ಏನೇನು?
ಆಸ್ಪತ್ರೆ ಲಾಂಡ್ರಿಯ ಹದಿನೇಳು ವಾರದ ಪಗಾರ.
ಟ್ಯಾಕ್ಸಿ ರಸೀದಿ ಆರು.
ಹಿಟ್ಟು, ಒಂಬತ್ತು ಪೌಂಡು.
ಮತ್ತೆ?
ರೊಟ್ಟಿ, ಎಂದೆ.
ಲಟ್ಟಣಿಗೆ ಹಿಡಿಯಲು ಆಗುವುದಿಲ್ಲವೇ?
ಲಟ್ಟಿಸುವುದಲ್ಲ ತಾಯಿ, ಬಡಿಯುವುದು.
ಅವಳ ಫೈಲು ಸರಿಸಿ
ತೋರಿಸಲು ಹೋದೆ, ಬಲಗೈ ಎತ್ತಿ.
ಮಣಿಕಟ್ಟು ಅರ್ಧಕ್ಕೇ ನಿಂತಿತು.
ಅವಳು ಪೆನ್ನು ಕೆಳಗಿಟ್ಟಳು.
ಅವಳಜ್ಜಿ ಮೆಕ್ಕೆಜೋಳದ್ದು ತಟ್ಟುತ್ತಿದ್ದಳಂತೆ, ಮೀರ್‌ಪುರದಲ್ಲಿ.

ವಿಮೆಯವರು ಒಪ್ಪಲಿಲ್ಲ.
ಮುರಿದದ್ದು ಕೂಡಿದೆ, ಎಕ್ಸ್‌ರೇ ಚೊಕ್ಕ;
ಅರ್ಜಿದಾರಳು ರೊಟ್ಟಿ ಬಡಿಯುತ್ತಿದ್ದಳು ಎನ್ನಲು
ಅವಳ ಮಾತು ಬಿಟ್ಟರೆ ಆಧಾರವೇನು?
ಗಂಡ ತೀರಿ ಒಂಬತ್ತು ವರ್ಷ.
ಹಂಚು ಕೋರ್ಟಿಗೆ ಬರುವುದಿಲ್ಲ.

ಆಗ ನೆನಪಾದವಳು ಕೆಳಮನೆಯ ಡೊರೀನ್ ಹೆಪ್‌ವರ್ತ್,
ಹೌಸಿಂಗ್ ಆಫೀಸಿಗೆ ನನ್ನ ಮೇಲೆ ಐದು ದೂರು ಕೊಟ್ಟವಳು.
"ದಿನಾ ನಸುಕಿನ ಐದೂವರೆಗೆ ಮೇಲಿನವಳು
ಏನನ್ನೋ ಬಡಿಯುತ್ತಾಳೆ. ಒಂದೇ ಲಯ.
ಕೆಲವೊಮ್ಮೆ ನಲವತ್ತು ನಿಮಿಷ."
ಪೊರಕೆಯ ಹಿಡಿಯಿಂದ ಸೀಲಿಂಗಿಗೆ ಕುಟ್ಟಿ ಕುಟ್ಟಿ
ನನ್ನ ರೊಟ್ಟಿಗೆ ತಾಳ ಹಾಕಿದವಳು.
ಅವತ್ತು ನನ್ನನ್ನು ಅಳಿಸಿದ ಐದೂ ಪತ್ರ
ಡ್ರಾಯರಿನಲ್ಲಿ ಇದ್ದವು. ಬೈಗುಳವನ್ನೂ
ಮಡಿಚಿಡುವುದು ನಮ್ಮವ್ವನಿಂದ ಬಂದ ಗುಣ.

ಬಾಗಿಲು ಬಡಿದೆ. ಎಡಗೈಯಿಂದ.
ಡೊರೀನ್ ಕನ್ನಡಕ ಹುಡುಕಿ, ತನ್ನದೇ ಪತ್ರ ಓದಿ, ಕೆಂಪಾದಳು.
ಚಹಾ ಇಟ್ಟಳು. ಸಕ್ಕರೆ ಎಷ್ಟೆಂದು ಕೇಳಲಿಲ್ಲ.
ಹೇಳಿಕೆ ತಾನೇ ಬರೆದಳು, ನಿಧಾನಕ್ಕೆ:
"ಮಾರ್ಚ್ ಹದಿನಾಲ್ಕರಿಂದ ಸದ್ದು ನಿಂತಿದೆ.
ಆಮೇಲೆ ನಾನು ಎರಡು ಸಲ ಬೇಕರಿ ಪಾಳಿಗೆ ತಡವಾಗಿ ಹೋದೆ.
ಮೇಲಿನವಳ ಹೆಸರು ನೀಲಗಂಗಾ.
ಇದು ನನಗೆ ಇವತ್ತು ತಿಳಿಯಿತು."
ಹೆಸರಿನ ಸ್ಪೆಲ್ಲಿಂಗ್ ಎರಡು ಸಲ ಕೇಳಿದಳು,
ಆದರೂ ತಪ್ಪಾಗಿತ್ತು.
ತಿದ್ದಲಿಲ್ಲ ನಾನು.

ದುಡ್ಡು ಬಂತು. ಕೇಳಿದ್ದಕ್ಕಿಂತ ಕಡಿಮೆ,
ನೆನೆಸಿದ್ದಕ್ಕಿಂತ ಹೆಚ್ಚು.
ಪತ್ರದಲ್ಲಿ ಹೀಗಿತ್ತು: ನೋವು, ಸಂಕಟ, ಸೌಖ್ಯನಷ್ಟ.
ಮೂರಕ್ಕೂ ಕೂಡಿ ಒಂದೇ ಅಂಕಿ.
ಹಿಟ್ಟಿನ ಒಂಬತ್ತು ಪೌಂಡು ಮಾತ್ರ ಬೇರೆ ಸಾಲಿನಲ್ಲಿ, ಪೂರ್ತಿ.

ಅದೇ ಬಸ್ಸಿಗೆ ಈಗಲೂ ಹೋಗುತ್ತೇನೆ.
ಸೀಟು ನೆಲಕ್ಕೆ ಕೂಡುವ ಸಂದಿಯಲ್ಲಿ
ಬೆಳ್ಳಗೆ ಒಂದು ಗೆರೆ ಉಳಿದಿದೆ.
ನಿನ್ನೆ ಬಗ್ಗಿ ಉಗುರಿನಿಂದ ಕೆರೆದೆ.
ಹಿಟ್ಟೇ ಇರಬೇಕು.
ಧೂಳಾದರೂ ಇದ್ದೀತು.